ಮೂರು ಡಬ್ಬಿ ಜೋಳ

೩, ಸೋಮವಾರ. ಬೆಳಗ್ಗೆ

ಕೋಳಿ ನೂರಾ ಹನ್ನೆರಡು. ಮೊಟ್ಟೆ ಎಪ್ಪತ್ತೊಂದು. ಅದರಲ್ಲಿ ಒಂಬತ್ತಕ್ಕೆ ಸಿಪ್ಪೆ ಇದ್ದೂ ಇಲ್ಲದ ಹಾಗೆ. ಒಂದು ನನ್ನ ಕೈಯಲ್ಲೇ ಒಡೆದು ಮೊಣಕೈವರೆಗೆ ಇಳಿಯಿತು. ಥೂ.

ಎಂದಿನಂತೆ ಅಳಿಯ ಏಳುವ ಮೊದಲೇ ಶೆಡ್ಡಿನ ಬಾಗಿಲು ತೆಗೆದು, ನನ್ನ ಡಬ್ಬಿಯಿಂದ ಮೆಕ್ಕೆಜೋಳ ಎರಚಿದೆ. ಬಾ ಬಾ ಅಂದರೆ ಸಾಕು, ಬಿದ್ದಂಬೀಳ ಓಡಿ ಬರುತ್ತವೆ. ಕುಂಟಿ ಎಲ್ಲಕ್ಕಿಂತ ಮುಂದೆ, ಒಂದು ಕಾಲು ಎಳೆದುಕೊಂಡು. ಅಳಿಯನ ಚಾರ್ಟಿನಲ್ಲಿ ಜೋಳ ಸಂಜೆಗೆ ಮಾತ್ರ, ಅದೂ ಹಿಡಿಯಷ್ಟು. ಗೋಡೆಗೆ ಅಂಟಿಸಿದ್ದಾನೆ. ಓದಿದವನು. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಕೋಳಿಗಳೂ ಶಾಲೆಗೆ ಹೋದವಲ್ಲ.

ಎಂಟು ಗಂಟೆಗೆ ಅಳಿಯ ತೊಟ್ಟಿಗೆ ಇಣುಕಿದ. "ಅತ್ತೆ, ನಿನ್ನೆ ಹಾಕಿದ ಫೀಡ್ ಅರ್ಧ ಹಾಗೇ ಇದೆ. ಹೊರಗೆ ಹುಲ್ಲು, ಹುಳ ಸಿಗುತ್ತಲ್ಲ, ಹೊಟ್ಟೆ ತುಂಬಿರತ್ತೆ. ನಾಳೆಯಿಂದ ಎರಡು ಕೆಜಿ ಕಮ್ಮಿ ಹಾಕೋಣ."

"ಏನಾದ್ರೂ ಮಾಡ್ಕೊಳ್ಳಪ್ಪ."

"ಸಿಪ್ಪೆ ಹೀಗೇ ಇದ್ರೆ ಹೊರಗೆ ಬಿಡೋದೇ ನಿಲ್ಲಿಸ್ಬೇಕಾಗತ್ತೆ. ಶೆಡ್ಡಲ್ಲೇ ಕೂಡಿ ಹಾಕಿದ್ರೆ ಏನು ತಿಂತವೆ ಅನ್ನೋದು ನಮ್ಮ ಕೈಲಿರತ್ತೆ."

ಮಗಳು ತಲೆಯಾಡಿಸಿದಳು. ಆರು ವರ್ಷದಿಂದ ಬಯಲಲ್ಲೇ ಕೋಳಿ ಸಾಕಿದ್ದು. ಅವನ್ನು ಜೈಲಿಗೆ ಹಾಕುತ್ತಾರಂತೆ.

೪, ಮಂಗಳವಾರ

ಫೀಡ್ ಅಂಗಡಿಗೆ ಹೋಗಿ ಅಂಗಡಿಯವನ ಮುಖದ ನೀರಿಳಿಸಿ ಬಂದೆ. ಚೀಲದಲ್ಲಿ ಮಣ್ಣು ತುಂಬಿ ಕೊಡ್ತೀಯೇನೋ ಅಂದೆ. ಅಂಗಡಿಯವನಿಗೆ ಸಿಟ್ಟೇ ಬರಲಿಲ್ಲ.

"ಇದೇ ಚೀಲ ನಲವತ್ತು ಜನಕ್ಕೆ ಹೋಗತ್ತಜ್ಜಿ. ತಕರಾರು ನಿಮ್ಮ ಕೋಳಿಗಳದ್ದು ಮಾತ್ರ. ಬೇಕಾದ್ರೆ ನೀವೇ ತಿಂದು ನೋಡಿ."

ತಿಂದೆ. ಒಂದು ಚಿಟಿಕೆ. ಕಪ್ಪೆಚಿಪ್ಪಿನ ಚೂರು ಹಲ್ಲಿಗೆ ಸಿಕ್ಕಿತು. ಇರುವ ಐದು ಹಲ್ಲಿನಲ್ಲಿ ಒಂದು ಅಲ್ಲಾಡುತ್ತಿದೆ.

"ನಾಳೆ ಮೊಟ್ಟೆ ಇಡ್ತೀರ ನೋಡಿ," ಅಂದ. ಅಂಗಡಿ ತುಂಬ ನಗು. ನಾನು ನಗಲಿಲ್ಲ.

೭, ಶುಕ್ರವಾರ. ಮಧ್ಯಾಹ್ನ

ಒಂದು ಕೋಳಿ ಸತ್ತಿತು. ಕುಂಟಿಯಲ್ಲ, ಬಿಳಿಯದು. ಉಳಿದವು ಒಡೆದ ಮೊಟ್ಟೆ ಕುಕ್ಕಿ ತಿನ್ನಲು ಶುರುಮಾಡಿವೆ. ತಾವಿಟ್ಟದ್ದನ್ನು ತಾವೇ.

ಅಳಿಯ ಡಾಕ್ಟರನ್ನು ಕರೆಸಿದ. ಅವರು ಸತ್ತದ್ದನ್ನು ಕಲ್ಲಿನ ಮೇಲಿಟ್ಟು ಕೊಯ್ದರು. ಗಂಟಲ ಚೀಲ ಬಿಚ್ಚಿದರೆ ಬರೀ ಜೋಳ. ಹಳದಿ. ಎಣಿಸಬಹುದಿತ್ತು.

"ಬೆಳಗ್ಗೆ ಬೆಳಗ್ಗೆ ಜೋಳ ಯಾರು ಹಾಕ್ತಾರಮ್ಮ? ಇದರಲ್ಲಿ ಸಿಪ್ಪೆ ಕಟ್ಟೋ ಸುಣ್ಣ ಇಲ್ಲ. ಹೊಟ್ಟೆ ತುಂಬಿದ್ಮೇಲೆ ಫೀಡ್ ಮುಟ್ಟಲ್ಲ. ಆದ್ರೂ ಮೊಟ್ಟೆ ಇಡ್ಬೇಕಲ್ಲ? ತನ್ನ ಮೂಳೆಯಿಂದ ಕಿತ್ತು ಕೊಡತ್ತೆ."

ಕಾಲಿನ ಮೂಳೆ ತೆಗೆದು ಬೆರಳಲ್ಲಿ ಮುರಿದು ತೋರಿಸಿದರು. ಒಣಗಿದ ಕಡ್ಡಿ ಹಾಗೆ. ಲಟ್ ಅಂತ.

ಎಲ್ಲರೂ ನನ್ನ ಕಡೆ ನೋಡಿದರು. ನೋಡಿದರೋ ಇಲ್ಲವೋ... ನನಗೆ ಹಾಗನಿಸಿತು. ಬಾಯಿಂದ ಬಂದೇಬಿಟ್ಟಿತು — "ಪಕ್ಕದ ಮನೆಯೋಳು ಬೇಲಿ ಹತ್ರ ಜೋಳ ಒಣಗಿಸ್ತಾಳಲ್ಲ. ಅಲ್ಲಿಗೆ ನುಗ್ತಾವೆ."

ಡಬ್ಬಿ ನನ್ನ ಮಂಚದ ಕೆಳಗಿದೆ.

೮, ಶನಿವಾರ

ಅಳಿಯ ಪಕ್ಕದ ಮನೆಗೆ ಕೇಳಲು ಹೋದ. ಆಕೆ ಬಿಡುತ್ತಾಳೆಯೇ. "ನಮ್ಮ ಜೋಳ ನಿಮ್ಮ ಕೋಳಿ ತಿಂದ್ರೆ ನಾನು ಕೇಳ್ಬೇಕು, ನೀವು ಬರ್ತೀರಾ?" ಇಪ್ಪತ್ತು ವರ್ಷ ಬೇಲಿಯಾಚೆ ನಿಂತು ನನ್ನ ಜೊತೆ ಮಾತಾಡಿದವಳು. ಕಿಟಕಿ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ.

ಅಳಿಯ ಬಂದು ಶೆಡ್ಡಿಗೆ ಚಿಲಕ ಹಾಕಿದ. ಕೋಳಿಗಳು ಒಳಗೆ.

೧೩, ಗುರುವಾರ

ಬರೆಯಲು ಮನಸ್ಸಿರಲಿಲ್ಲ.

ಐದು ದಿನದಿಂದ ಜೋಳ ಹಾಕಿಲ್ಲ. ಕೂಡಿಹಾಕಿದ್ದಾನೆ, ಹಾಕುವುದೆಲ್ಲಿ. ಫೀಡ್ ತೊಟ್ಟಿ ಖಾಲಿಯಾಗುತ್ತಿದೆ. ಸುಣ್ಣಕ್ಕೆ ಅಂತ ಚಿಪ್ಪಿನ ಚೂರು ಬೇರೆ ಬಾಣಲೆಯಲ್ಲಿ. ತೆಳು ಸಿಪ್ಪೆ ಇವತ್ತು ನಾಲ್ಕೇ.

"ನೋಡಿದ್ರಾ ಅತ್ತೆ? ಒಳಗಿಟ್ಟದ್ದೇ ಸರಿಹೋಯ್ತು. ಶನಿವಾರ ಶೆಡ್ಡಿನ ಸುತ್ತ ಜಾಲರಿ ಹೊಡೆಯೋನು ಬರ್ತಾನೆ. ಇನ್ನು ಹೊರಗೆ ಬಿಡೋ ಮಾತೇ ಇಲ್ಲ."

ಖುಷಿಯಾಗಿದ್ದಾನೆ. ನನ್ನ ಸುಳ್ಳಿಗೆ ಕೋಳಿಗಳೇ ಸಾಕ್ಷಿ ಹೇಳುತ್ತಿವೆ.

ಒಳಗೆ ಇಕ್ಕಟ್ಟು. ಒಂದನ್ನೊಂದು ಕುಕ್ಕುತ್ತಿವೆ. ಕುಂಟಿ ಓಡಲಾರದು, ಮೂಲೆಗೆ ಸೇರಿಕೊಂಡಿದೆ. ಬೆನ್ನ ಮೇಲೆ ಒಂದೂ ಗರಿ ಇಲ್ಲ. ರಕ್ತ. ಅರಿಸಿನ ಹಚ್ಚಿದೆ. ಬಾ ಅಂದೆ. ಬರಲಿಲ್ಲ.

೧೫, ಶನಿವಾರ. ಬೆಳಗ್ಗೆ ಏಳು

ಜಾಲರಿಯವನು ಹತ್ತಕ್ಕೆ ಬರುವವನಿದ್ದ. ಅಳಿಯ ಫೀಡ್ ತೂಗುತ್ತಿದ್ದ. ಡಬ್ಬಿ ತಂದು ತಕ್ಕಡಿ ಪಕ್ಕ ಇಟ್ಟೆ. ಮುಚ್ಚಳ ತೆಗೆದ. ನೋಡಿದ. ಕಾಳು ಒಂದನ್ನು ಎತ್ತಿ ಬೆರಳಲ್ಲಿ ಉಜ್ಜಿದ.

"ದಿನಾ?"

"ದಿನಾ."

"ಎಷ್ಟು?"

"ಒಂದು ಡಬ್ಬಿ."

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಬೈಯಲಿಲ್ಲ.

"ಮೂರು," ಅಂದೆ.

"ಡಾಕ್ಟರ ಮುಂದೆ ಹೇಳ್ಬಹುದಿತ್ತು, ಅತ್ತೆ. ಹೋಗ್ಲಿ, ನಾನು ಆಯಮ್ಮನ ಹತ್ರ ಹೋಗೋ ಮುಂಚೆನಾದ್ರೂ ಹೇಳ್ಬಹುದಿತ್ತು." ನನ್ನ ಮುಖ ನೋಡಲಿಲ್ಲ. ಡಬ್ಬಿ ತಕ್ಕಡಿಗಿಟ್ಟು ತೂಗಿದ, ಚಾರ್ಟಿನ ಅಂಚಿನಲ್ಲಿ ಏನೋ ಬರೆದ. ಆಮೇಲೆ ಜಾಲರಿಯವನಿಗೆ ಫೋನ್ ಮಾಡಿ ಬರಬೇಡ ಅಂದ. ಚಪ್ಪಲಿ ಹುಡುಕತೊಡಗಿದ.

"ಎಲ್ಲಿಗೆ?"

"ಪಕ್ಕದ ಮನೆಗೆ. ಕ್ಷಮೆ ಕೇಳ್ಬೇಕಲ್ಲ."

"ನೀನು ಕೂತ್ಕೋ," ಅಂದೆ. "ಕೆಡಿಸಿದ್ದು ನಾನು."

ಎಂಟೂವರೆ

ಚಿಲಕ ತೆಗೆದಿದ್ದಾನೆ. ಕೋಳಿಗಳು ಹೊರಗೆ ಬಂದವು. ನಾನು ಬಾ ಬಾ ಅನ್ನಲಿಲ್ಲ. ಆದರೂ ಓಡಿ ಬಂದು ಕಾಲ ಸುತ್ತ ನಿಂತವು, ಬರಿಗೈ ನೋಡಿದವು, ತೊಟ್ಟಿ ಕಡೆ ಹೋದವು. ಕುಂಟಿ ಕೊನೆಗೆ ಬಂತು. ಅದೂ ತೊಟ್ಟಿಗೇ ಹೋಯಿತು. ಹೋಗಲಿ. ತಿನ್ನಲಿ.

ಕಿಟಕಿಯಿಂದ ಕಾಣುತ್ತಿದೆ, ಆಕೆ ಜೋಳ ಹರವಲು ಹೊರಗೆ ಬಂದಿದ್ದಾಳೆ. ಈ ಸಲ ಬೇಲಿಯಿಂದ ದೂರ, ಮನೆಗೆ ಒತ್ತಿ ಹರವುತ್ತಿದ್ದಾಳೆ. ಇತ್ತ ತಿರುಗಿಯೂ ನೋಡುವುದಿಲ್ಲ. ಏನಂತ ಶುರುಮಾಡುವುದು... ಹೆಸರು ಹಿಡಿದು ಕೂಗಿದರೆ ಒಳಗೆ ಹೋಗಿಬಿಡುತ್ತಾಳೆ. ಹತ್ತಿರ ಹೋಗಿ, ನಿಂತು, ನೇರ ಹೇಳಬೇಕು — ಕೋಳಿ ತಿಂದದ್ದು ನಿನ್ನ ಜೋಳ ಅಲ್ಲ ಕಣೆ, ನನ್ನ ಡಬ್ಬೀದು. ಬರೆದದ್ದು ಸಾಕು, ಹೊರಟೆ.