ನಾಲ್ಕು ಫೋಲ್ಡರುಗಳೂ ಒಂದು ಕನ್ನಡಿಯೂ

ಜೂನ್ 2, ಬೆಳಿಗ್ಗೆ 6:40

ಪ್ರಾರ್ಥನೆಯಾಯಿತು. ಐವತ್ತೆರಡನೆಯ ಸ್ತೋತ್ರದ ಪ್ರೂಫ್ ನೋಡಿ ಮುಗಿಸಿದೆ. ಒಂದೆಡೆ ಅನುಸ್ವಾರ ಬಿದ್ದುಹೋಗಿತ್ತು, ಸೇರಿಸಿದೆ. ಅಲ್ಲಿಗೆ ನಿಂತೆ.

ಐವತ್ತಮೂರರಿಂದ ನೂರೆಂಟರವರೆಗೆ ತಂಗಿಯ ಟಿಪ್ಪಣಿಗಳು ಸಿಕ್ಕುತ್ತಿಲ್ಲ. ಅನ್ವಯಾರ್ಥ ನನ್ನದು, ಟಿಪ್ಪಣಿ ಅವಳದು — ಹತ್ತೊಂಬತ್ತು ವರ್ಷಗಳ ಒಪ್ಪಂದ. ಬರೆದು ಮುಗಿಸಿದ್ದೇನೆಂದು ಜನವರಿಯಲ್ಲಿ ಹೇಳಿದ್ದಳು. ಫೆಬ್ರವರಿಯಲ್ಲಿ ಪಾರ್ಶ್ವವಾಯು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ನುಡಿ: 'ಅಲ್ಲ, ಅಲ್ಲ.' ಹೌದೆನ್ನುವುದಕ್ಕೂ ಅದೇ.

ಕಂಪ್ಯೂಟರಿನಲ್ಲಿ ಅವಳ ಫೋಲ್ಡರುಗಳು ನಾಲ್ಕು. ಒಂದು ಅವಳು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಕಾಲದ್ದು, ಒಂದು ಹಳೆಯ ಕಂಪ್ಯೂಟರಿನಿಂದ ತಂದದ್ದು, ಒಂದು ಅವಳ ಮಗಳು ಪೆನ್‌ಡ್ರೈವಿನಿಂದ ಸುರಿದದ್ದು, ನಾಲ್ಕನೆಯದಕ್ಕೆ ಹೆಸರೇ ಇಲ್ಲ. ಒಂದೊಂದರೊಳಗೂ ಮರಿ ಫೋಲ್ಡರುಗಳು. ಮೂರು ವಾರದಿಂದ ತೆರೆದು ನೋಡುತ್ತಿದ್ದೇನೆ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ… ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತೆ.

ಜೂನ್ 5

ಮುದ್ರಕರು ಬಂದಿದ್ದರು. ತಿಂಗಳ ಕೊನೆಯವರೆಗೆ ಮಾತ್ರ ಯಂತ್ರ ಬಿಡುವು. ಆಮೇಲೆ ಶಾಲೆಯ ಪುಸ್ತಕಗಳ ಸರದಿ, ಚಳಿಗಾಲದವರೆಗೆ ನಮ್ಮ ಕಡೆ ತಿರುಗಿಯೂ ನೋಡಲಾಗದು. ನೀರು ಕುಡಿದು, ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದರು: "ಟಿಪ್ಪಣಿ ಇಲ್ದೇನೇ ಹಾಕಿಬಿಡೋಣ ಅಮ್ಮ. ಅರ್ಥ ಒಂದಿದ್ರೆ ಸಾಕು ಓದೋರಿಗೆ."

ಟಿಪ್ಪಣಿಯಿಲ್ಲವೆಂದರೆ ಮುಖಪುಟದಲ್ಲಿ ಅವಳ ಹೆಸರೂ ಇಲ್ಲ. ಯೋಚಿಸುತ್ತೇನೆ ಎಂದೆ.

ಕದ ತೆರೆದೇ ಇತ್ತು. ಪಕ್ಕದ ಕೋಣೆಯಲ್ಲಿ ಅವಳು ಕಿಟಕಿಗೆ ಮುಖಮಾಡಿ ಕುಳಿತಿದ್ದಳು. ಕೇಳಿಸಿಕೊಂಡಳೋ ಏನೋ.

ಜೂನ್ 9, ಸಂಜೆ

ತಂಗಿಯ ಮಗಳು ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದಳು. ನನ್ನ ಅವಸ್ಥೆ ನೋಡಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಅಮ್ಮನ್ನ ಕೇಳಿದ್ರಾ ದೊಡ್ಡಮ್ಮ?"

ಅವಳನ್ನು ಕೇಳಿ ನೋಯಿಸುವುದೇ, ಎಂದೆ.

"ಬಾಯಿ ಹೋಗಿದೆ. ಬುದ್ಧಿ ಎಲ್ಲಿ ಹೋಗಿದೆ? ಕಂಪ್ಯೂಟರನ್ನ ಅವಳ ಕೋಣೆಯಿಂದ ಎತ್ತಿಸಿದ್ದು ಯಾರು, ಹೇಳಿ."

ನಾನೇ. ಮಾರ್ಚ್ ತಿಂಗಳಲ್ಲಿ. ಕಂಡರೆ ಸಂಕಟಪಟ್ಟಾಳೆಂಬ ಕರುಣೆಯಿಂದ. ಕರುಣೆಯೆಂದು ಅಂದು ತಿಳಿದಿದ್ದೆ.

ಜೂನ್ 10, ಬೆಳಿಗ್ಗೆ 11:00

ಇದನ್ನು ಯಥಾವತ್ತಾಗಿ ಬರೆದಿಡಬೇಕು.

ಕಂಪ್ಯೂಟರನ್ನು ಮೇಜಿನ ಸಮೇತ ತಿರುಗಿ ಅವಳ ಕೋಣೆಗೆ ಸಾಗಿಸಿದೆವು. ಮೌಸನ್ನು ಎಡಕ್ಕಿಟ್ಟೆ. ಅವಳು ಕೆಲಹೊತ್ತು ಪರದೆಯನ್ನೇ ನೋಡಿದಳು, ತವರಿನ ಬಾಗಿಲಲ್ಲಿ ನಿಂತವಳಂತೆ. ನಾನು ಬಾಯಿ ತೆರೆದೆ. "ಅಲ್ಲ, ಅಲ್ಲ" ಎಂದಳು. ಮುಚ್ಚಿದೆ.

ಒಂದು ಹಳೆಯ ಟಿಪ್ಪಣಿಯ ಹೆಸರಿನ ಮೇಲೆ ಬೆರಳಿಟ್ಟಳು. ಹೆಸರಿನ ಮೊದಲಿಗೆ 'ಸ್ತೋ' ಎಂಬ ಗುರುತು. ಇದನ್ನು ಎಷ್ಟು ಹಾಸ್ಯಮಾಡಿದ್ದೇನೆ! ಉಪ್ಪಿನ ಡಬ್ಬಿಗೂ 'ಉಪ್ಪು' ಎಂದು ಚೀಟಿ ಅಂಟಿಸುವವಳು; ಬಿಟ್ಟರೆ ನನ್ನ ಬೆನ್ನಿಗೂ 'ಅಕ್ಕ' ಎಂದು ಅಂಟಿಸುತ್ತೀಯೆ, ಎನ್ನುತ್ತಿದ್ದೆ. ಇಪ್ಪತ್ತೆಂಟು ವರ್ಷ ಪುಸ್ತಕಗಳಿಗೆ ಗುರುತು ಹಾಕಿದ ಕೈ. ಎಲ್ಲಿ ಇಟ್ಟರೂ, ಯಾವ ವರ್ಷ ಬರೆದರೂ, ಆ ಗುರುತನ್ನು ಬಿಟ್ಟಿಲ್ಲ.

ಅಕ್ಷರ ಕೂಡಿಸಲು ಈಗ ಅವಳಿಗೆ ಬಾರದು. ಆದ್ದರಿಂದ ಬರೆಯಲಿಲ್ಲ, ಆ ಗುರುತನ್ನೇ ಕಾಪಿ ಮಾಡಿದಳು. ನಾಲ್ಕು ಫೋಲ್ಡರುಗಳೂ ಇರುವ ತಾಯಿ ಫೋಲ್ಡರಿಗೆ ಹೋಗಿ, ಮೇಲಿನ ಸರ್ಚ್ ಪೆಟ್ಟಿಗೆಯಲ್ಲಿ ಅಂಟಿಸಿದಳು. ಅಷ್ಟೇ. ಸಾಲುಗಳು ಒಂದರ ಕೆಳಗೊಂದು ಇಳಿಯತೊಡಗಿದವು… ಇಳಿದೇ ಇಳಿದವು. ಹಳೆಯ ಕರಡುಗಳೂ ಸೇರಿ ನೂರ ಅರವತ್ತಮೂರು. ಐವತ್ತಮೂರು ಇತ್ತು, ನೂರೆಂಟು ಇತ್ತು, ನಡುವೆ ಒಂದೂ ತಪ್ಪಿರಲಿಲ್ಲ. ಅರ್ಧಕ್ಕೂ ಹೆಚ್ಚು ಆ ಹೆಸರಿಲ್ಲದ ಫೋಲ್ಡರಿನ ಹೊಟ್ಟೆಯಲ್ಲಿ!

ಆಮೇಲೆ ಆ ಹುಡುಕಾಟವನ್ನೇ ಸೇವ್ ಮಾಡಿದಳು. ಇನ್ನು ಅದನ್ನು ತೆರೆದರೆ ಸಾಕು, ನಾಲ್ಕೂ ಒಂದಾಗಿ ಕಾಣುತ್ತವೆ. ಯಾವುದೂ ತನ್ನ ಮನೆ ಬಿಟ್ಟು ಕದಲುವುದಿಲ್ಲ. ಅನೇಕ ಕಡೆ ಇರುವುದನ್ನು ಏಕವಾಗಿ ಕಾಣುವ ದೃಷ್ಟಿ — ಇದಕ್ಕಾಗಿ ಹಿರಿಯರು ಎಷ್ಟು ಗ್ರಂಥ ಬರೆದರು. ನನ್ನ ತಂಗಿ ಎಡಗೈಯಲ್ಲಿ ಮಾಡಿ ತೋರಿಸಿದಳು. ಭಗವಂತನ ಮುಂದೆ ಬಾಗುವ ತಲೆ ಅವಳ ಮುಂದೆಯೂ ಬಾಗಿತು. ಅವಳು ನೋಡಲಿಲ್ಲ, ಕನ್ನಡಕ ಒರೆಸುತ್ತಿದ್ದಳು.

ಜೂನ್ 13, ಮಧ್ಯಾಹ್ನ 2:15

ಸರ್ವನಾಶ ಮಾಡಿದೆ.

ಓದಿ ಮುಗಿದ ಹಾಳೆಯನ್ನು ಎಡರಾಶಿಯಿಂದ ತೆಗೆದು ಬಲಕ್ಕಿಡುವುದು ಪ್ರೂಫ್ ನೋಡುವವರ ರೂಢಿ. ಉಳಿದದ್ದೆಷ್ಟೆಂದು ಕಣ್ಣಿಗೆ ಕಾಣಬೇಕು. ಇಲ್ಲಿಯೂ ಹಾಗೆಯೇ ಮಾಡಿದೆ. ಓದಿ ಮುಗಿದಂತೆಲ್ಲ ಈ ಪಟ್ಟಿಯಿಂದ ಡಿಲೀಟ್. ಪಟ್ಟಿಯೆಂಬುದು ಕನ್ನಡಿ, ಬಿಂಬವನ್ನು ಒರೆಸಿದರೆ ಮುಖಕ್ಕೇನು? — ಎಂಬ ತರ್ಕ. ಮೂವತ್ತೊಂದು ಟಿಪ್ಪಣಿ ಹೀಗೆ ಒರೆಸಿ, ಮೂಲವನ್ನೊಮ್ಮೆ ನೋಡೋಣವೆಂದು ಫೋಲ್ಡರಿಗೆ ಹೋದರೆ, ಅಲ್ಲಿಯೂ ಇಲ್ಲ. ಒಂದೂ ಇಲ್ಲ. ಇದರಲ್ಲಿ ಅಳಿಸಿದರೆ ಮುಖವೇ ಅಳಿಯುತ್ತದೆ.

ಅವಳು ಮಲಗಿದ್ದಾಳೆ. ಯಾವ ಮುಖದಿಂದ ಎಬ್ಬಿಸಲಿ?

ಅದೇ ದಿನ, 4:30

ಎಬ್ಬಿಸಿದೆ. ಮುಚ್ಚಿಡಲಿಲ್ಲ, ಹೇಳಿದೆ. ಅಳು ಬಂತು, ಎಪ್ಪತ್ತಾರರ ವಯಸ್ಸಿನಲ್ಲಿ.

ಎದ್ದು ಬಂದು ಕುಳಿತಳು. ಪರದೆಯ ಮೂಲೆಯ ಕಸದ ಬುಟ್ಟಿಯ ಚಿತ್ರವನ್ನು ಒತ್ತಿದಳು. ಮೂವತ್ತೊಂದೂ ಅಲ್ಲಿ ಮುದುಡಿ ಕುಳಿತಿದ್ದವು. ಎಲ್ಲವನ್ನೂ ಹಿಡಿದು, ಒಂದೇ ಒತ್ತಿನಲ್ಲಿ ಅವುಗಳ ಮನೆಗಳಿಗೆ ಕಳುಹಿಸಿದಳು. ಪಟ್ಟಿ ತೆರೆದಳು: ನೂರ ಅರವತ್ತಮೂರು.

"ಅಲ್ಲ, ಅಲ್ಲ, ಅಲ್ಲ" ಎಂದು ನನ್ನ ಕೈಗೊಂದು ಪೆಟ್ಟು ಕೊಟ್ಟಳು. ಆಮೇಲೆ ನಕ್ಕಳು. ಬಾಯಿ ಒಂದೇ ಕಡೆಗೆ ಎಳೆಯಿತು; ಆದರೂ ಅವಳದೇ ನಗು. ಫೆಬ್ರವರಿಯಿಂದೀಚೆಗೆ ಮೊದಲನೆಯದು.

ಜೂನ್ 27

ಹದಿನಾಲ್ಕು ದಿನ ಈ ದಿನಚರಿ ಮುಟ್ಟಲಿಲ್ಲ, ಪುರುಸೊತ್ತಿರಲಿಲ್ಲ. ಇಬ್ಬರೂ ಒಂದೇ ಮೇಜು. ಟಿಪ್ಪಣಿಗಳನ್ನು ನಾನು ಗಟ್ಟಿಯಾಗಿ ಓದುವುದು, ಅವಳು ಕೇಳುವುದು. ತಪ್ಪಿದ ಕಡೆ ಬೆರಳಿನಿಂದ ಮೇಜು ಕುಟ್ಟುವುದು. ಎಂಥ ಟಿಪ್ಪಣಿಗಳು! ನನ್ನ ಅರ್ಥ ಬಾಗಿಲವರೆಗೆ ಕರೆದೊಯ್ಯುತ್ತದೆ. ಅವಳ ಟಿಪ್ಪಣಿ ಒಳಗೆ ಕೂರಿಸುತ್ತದೆ. ಎದುರಿಗೆ ಎಂದೂ ಹೇಳಿರಲಿಲ್ಲ. ಮೊನ್ನೆ ಹೇಳಿದೆ. ಕೇಳಿಸದವಳಂತೆ ಪುಟ ತಿರುಗಿಸಿದಳು.

ಇಂದು ನೂರೆಂಟೂ ಮುದ್ರಕರ ಕೈಗೆ ಹೋದವು. ಮುಖಪುಟದಲ್ಲಿ ಎರಡು ಹೆಸರು. ತಿದ್ದುಪಡಿ ಇದ್ದರೆ ಮೂವತ್ತರೊಳಗೆ ತಿಳಿಸಿ, ಎಂದರು. ಇರದು, ಎಂದೆ.

ಜೂನ್ 29, ಬೆಳಿಗ್ಗೆ 7:10

ಕೆಲಸವಿಲ್ಲದಿದ್ದರೂ ಪಟ್ಟಿ ತೆರೆದೆ, ಅಭ್ಯಾಸಬಲ.

ನೂರ ಅರವತ್ತನಾಲ್ಕು.

ಎರಡು ಬಾರಿ ಎಣಿಕೆ ನೋಡಿದೆ. ನಾನು ಏನನ್ನೂ ಸೇರಿಸಿಲ್ಲ. ಹೊಸದು, ನಿನ್ನೆ ಸಂಜೆಯದು, ನಾನು ಪ್ರಾರ್ಥನೆಗೆ ಕುಳಿತಿದ್ದ ಹೊತ್ತಿನದು. ಮೊದಲಿಗೆ ಅದೇ ಗುರುತು. ಎಲ್ಲಿದ್ದರೂ ತಾನಾಗಿ ಬಂದು ಸಾಲಿನಲ್ಲಿ ನಿಂತಿದೆ. ತೆರೆದೆ. ಒಂದೇ ಸಾಲು. ಕಾಪಿ ಮಾಡಿದ್ದಲ್ಲ — ಅಕ್ಷರ ಅಕ್ಷರವಾಗಿ ಒತ್ತಿ ಕೂಡಿಸಿದ್ದು.

'81 ಅಕ್ಕ ತಪ್ಪು'

ನನ್ನ ಕೋಣೆಗೆ ಬಂದು ಎಂಬತ್ತೊಂದನ್ನು ತೆಗೆದು ನೋಡಿದೆ. ಮೂರನೆಯ ಪಾದದ ಅನ್ವಯ… ತಪ್ಪು. ನನ್ನದೇ ತಪ್ಪು, ಹತ್ತೊಂಬತ್ತು ವರ್ಷದಿಂದ ಅಲ್ಲೇ ಕುಳಿತಿದೆ. ಅವಳು ಹೇಳಿದ್ದೇ ಸರಿ.

ಮುದ್ರಕರಿಗೆ ಫೋನ್ ಮಾಡಬೇಕು, ನಾಳೆಯೊಳಗೆ. ಎದ್ದಂತಿದೆ ಅವಳು; ಕೋಲಿನ ಸದ್ದು. ಅದಕ್ಕೂ ಮೊದಲು ಅವಳ ಬಳಿ ಹೋಗಿ—