ಉರಿಯದ ಕೆಂಪು

ಬ್ಯಾಡಗಿ
18-4-1996, ಗುರುವಾರ

ಪ್ರೀತಿಯ ಪರಮೇಶಣ್ಣನಿಗೆ,

ತಂಗಿ ಜಯವ್ವ ಮಾಡುವ ನಮಸ್ಕಾರಗಳು. ಈಗ ರಾತ್ರಿ ಎರಡೂವರೆ. ನನ್ನನ್ನು ಎಬ್ಬಿಸಿದ್ದು ಒಂದು ಸಪ್ಪಳ. ಕರೆಂಟು ಹೋಗಿ ನೀನು ಕೊಟ್ಟ ಎ.ಸಿ. ನಿಂತುಬಿಟ್ಟಿತ್ತು. ಅದು ನಿಂತ ಮೇಲೆ, ಹಳೆಯ ಬಾಗಿಲನ್ನು ಯಾರೋ ಇಷ್ಟಿಷ್ಟೇ ದೂಡುತ್ತಿರುವ ಹಾಗೆ ಸುಂಯ್, ಕಿರ್, ಸುಂಯ್, ಕಿರ್ ಎಂದು ಕೇಳಿಸತೊಡಗಿತು. ಎದ್ದು ಕೂತು ಬಾಗಿಲ ಕಡೆ ಬ್ಯಾಟರಿ ಬಿಟ್ಟೆ. ಹಾಕಿದ ಅಗಳಿ ಹಾಕಿದಂತೆಯೇ ಇತ್ತು. ಸಪ್ಪಳ ನನ್ನ ಮಗ್ಗುಲಿನಿಂದಲೇ ಬರುತ್ತಿತ್ತು. ನಿನ್ನ ಸೊಸೆ ಗದಿಗೆವ್ವ ಉಸಿರಾಡುತ್ತಿದ್ದಳು.

ಸಂಕ್ರಾಂತಿಯಿಂದ ಈಚೆಗೆ, ಆ ಪೆಟ್ಟಿಗೆಯ ಗುಂಯ್‌ಗುಡುವ ಸದ್ದಿನೊಳಗೆ, ನನ್ನ ಕೂಸಿನ ಉಸಿರು ನನಗೆ ಒಂದು ರಾತ್ರಿಯೂ ಕೇಳಿರಲಿಲ್ಲ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ‘ಇತ್ತ ಎಲ್ಲರೂ ಕ್ಷೇಮ’ ಎಂಬಲ್ಲಿಗೆ ಬಂದು ಕೈ ನಿಲ್ಲುತ್ತಿತ್ತು. ಸುಳ್ಳು ಬರೆಯಲು ಮನಸ್ಸಾಗಲಿಲ್ಲ, ಖರೆ ಬರೆದರೆ ನೀನು ನೊಂದುಕೊಳ್ಳುತ್ತೀ ಎಂದು ಸುಮ್ಮನಿದ್ದೆ.

ನೀನು ಎ.ಸಿ. ಕೊಟ್ಟದ್ದು ಪ್ರೀತಿಯಿಂದಲೇ. ಮಾರ್ಕೆಟ್ಟು ಶುರುವಾದರೆ ಮೆಣಸಿನಕಾಯಿ ಘಾಟಿಗೆ ಮಗಳು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಾಳೆ ಎಂದು ನಾನೇ ಬರೆದಿದ್ದೆನಲ್ಲ. ನಿಮ್ಮ ಬೀಜದ ಕಂಪನಿಯಲ್ಲಿ ಬೀಜ ಇಡುವ ಕೋಣೆಗೆ ಹೊಸದನ್ನು ಹಾಕಿಸಿ ಹಳೆಯವನ್ನು ಹರಾಜಿಗಿಟ್ಟಾಗ ನೀನು ಹಿಡಿದು, ರಾಣೆಬೆನ್ನೂರಿನಿಂದ ಟೆಂಪೋದಲ್ಲಿ ತಂದು, ನಿಂತು ಕೂರಿಸಿ ಹೋದೆ. ಅವತ್ತು ಓಣಿಯ ಹೆಂಗಸರೆಲ್ಲ ಬಂದು ಅದರ ಮುಂದೆ ಕೈಯೊಡ್ಡಿ ತಂಪು ನೋಡಿದರು. ತವರಿನಿಂದ ಬಂದದ್ದು ಎಂದು ನಾನು ಹತ್ತು ಸಲ ಹೇಳಿದೆ.

ಮೊದಲ ಕರೆಂಟಿನ ಬಿಲ್ಲು ಬಂದ ದಿನ ಆ ಸಂಭ್ರಮವೆಲ್ಲ ಇಳಿಯಿತು. ಅತ್ತೆ ನೀಲಗಂಗವ್ವ ಬಿಲ್ಲನ್ನು ಬೆಳಕಿಗೆ ಹಿಡಿದು, “ನಿಮ್ಮಣ್ಣ ಆನಿ ಕೊಟ್ಟ, ಮೇವು ಕೊಡಲಿಲ್ಲ ನೋಡವಾ” ಎಂದರು. ನಮ್ಮ ಯಜಮಾನರು ಊಟದ ತಾಟಿನ ಮುಂದೆ ಕೂತೇ, “ದಲಾಲಿ ಅಂಗಡ್ಯಾಗ ಹಗಲೆಲ್ಲಾ ನಾ ಗಳಿಸೂದು, ರಾತ್ರಿ ಆ ಪೆಟಗಿ ನುಂಗೂದು. ಕಿತ್ತಿ ಒಗದು ಒಂದು ಕೂಲರ್ ತರತೇನಿ” ಎಂದರು.

“ಕೂಲರ್ ಹೊರಗಿನ ಗಾಳಿ ಎಳೀತೈತ್ರಿ. ಗಾಳಿ ಜೋಡಿ ಮಾರ್ಕೆಟ್ಟಿನ ಘಾಟೂ ಒಳಗ ಬರತೈತಿ” ಎಂದೆ.

“ಮತ್ತ ಬಿಲ್ಲು ಯಾರು ಕಟ್ಟತಾರ, ನಿಮ್ಮಣ್ಣ?”

ಆ ಮಾತು ನನಗೆ ಚುಚ್ಚಿತು. ಅಣ್ಣಾ, ನಿನ್ನ ಹೆಸರಿಗೆ ಕುಂದು ಬರಬಾರದೆಂದು ನಾನು ಹಟ ಹಿಡಿದೆ. ಹಾವೇರಿಯ ಕಾಲೇಜಿನಲ್ಲಿ ಓದಿದ ಫಿಸಿಕ್ಸು ಮದುವೆಯಾದ ಮೇಲೆ ಮೊದಲ ಸಲ ನೆನಪಿಗೆ ಬಂತು. ತಂಪು ಎಂಬುದು ಎಲ್ಲಿಂದಲೋ ಬರುವ ವಸ್ತುವಲ್ಲ. ಬಿಸಿಯನ್ನು ಹೊರಗೆ ಹಾಕಬೇಕು, ಮತ್ತೆ ಬರದಂತೆ ತಡೆಯಬೇಕು, ಅಷ್ಟೇ. ಮಾಳಿಗೆಗೆ ದಪ್ಪನಾಗಿ ಸುಣ್ಣ ಬಳಿಸಿದೆ. ಪಡುವಣ ಗೋಡೆಗೆ ಗೋಣಿತಟ್ಟು ಇಳಿಬಿಟ್ಟು ಮಧ್ಯಾಹ್ನ ನೀರು ಹೊಡೆಯತೊಡಗಿದೆ. ಪೆಟ್ಟಿಗೆಯ ಬೆನ್ನು ಬಿಸಿಲಿಗೆ ಕಾಯದಂತೆ ಅದರ ಮೇಲೊಂದು ತಗಡು ಹೊಡೆಸಿದೆ. ಗುಂಡಿಯನ್ನು ಅರ್ಧಕ್ಕೆ ತಿರುಗಿಸಿ, ಸಣ್ಣಗೆ ಫ್ಯಾನು ಹಚ್ಚಿದರೆ ಪೂರ್ತಿ ತಿರುಗಿಸಿದಷ್ಟೇ ಹಿತವಾಗಿರುತ್ತದೆ ಎಂದು ಕಂಡುಕೊಂಡೆ. ಕಿಟಕಿಯ ಸಂದಿಗಳಿಗೆ ಹಳೆಯ ಸೀರೆಯ ಚಿಂದಿ ತುರುಕಿದೆ, ಮೇಲಿನ ಬೆಳಕಿಂಡಿಗೆ ರಟ್ಟು ಬಡಿದೆ, ಹೊಸ್ತಿಲಿಗೆ ಗೋಣಿ ಒತ್ತಿಟ್ಟೆ. ಹೊರಗಿನ ಗಾಳಿಯನ್ನು ಸ್ವಲ್ಪ ಒಳಗೆ ಬಿಡುವ ಚಿಕ್ಕ ಕಿಂಡಿಯೊಂದು ಪೆಟ್ಟಿಗೆಯಲ್ಲೇ ಇದೆ, ಅದನ್ನೂ ಮುಚ್ಚಿದೆ. ಒಳಗಿನ ಗಾಳಿ ಒಳಗೇ ತಿರುಗಿ ತಣ್ಣಗಾಗಬೇಕು, ಒಂದು ಎಳೆಯೂ ಪೋಲಾಗಬಾರದು.

ಮುಂದಿನ ಬಿಲ್ಲು ಅರ್ಧಕ್ಕೆ ಇಳಿಯಿತು. ಅತ್ತೆ ಪಕ್ಕದ ಮನೆಯವರನ್ನು ಕರೆದು, “ನಮ್ಮ ಸೊಸಿ ಕಾಲೇಜು ಕಲತದ್ದು ದಂಡ ಆಗಲಿಲ್ಲ ಬಿಡ್ರಿ. ಆನಿ ಈಗ ಆಡಿನಷ್ಟ ತಿನ್ನಾಕತ್ತೈತಿ” ಎಂದು ಹೊಗಳಿದರು. ಈ ಮನೆಯಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ ಅದು.

ಅದರ ಬೆನ್ನಿಗೇ ಮಗಳ ಗಲ್ಲದ ಮೇಲೆ ಕೆಂಪು ದದ್ದುಗಳು ಎದ್ದವು. ಕಣ್ಣಲ್ಲಿ ಸದಾ ನೀರು. ಅಂಬೆಗಾಲಿಕ್ಕಿ ಮನೆಯೆಲ್ಲ ಸುತ್ತುತ್ತಿದ್ದವಳು ಕುಂದ್ರಿಸಿದಲ್ಲೇ ಕುಂದ್ರುವಳು, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ. ಹಾವೇರಿಗೆ ಕರೆದುಕೊಂಡು ಹೋದರೆ ಡಾಕ್ಟರು ಬ್ಯಾಡಗಿ ಎಂಬ ಹೆಸರು ಕೇಳಿಯೇ, “ಇನ್ನೇನೈತಿ ತಂಗಿ, ಮೆಣಸಿನಕಾಯಿ ಧೂಳು. ಖೋಲಿ ಇನ್ನಷ್ಟು ಗಟ್ಟಿ ಮುಚ್ಚಿ ಇಡ್ರಿ” ಎಂದರು. ಬಂದು ಉಳಿದ ಸಂದಿಗಳನ್ನೂ ಹುಡುಕಿ ಮುಚ್ಚಿದೆ.

ಆ ಕೋಣೆಯಲ್ಲಿ ಒಂದು ವಾಸನೆ ಇತ್ತು, ಅಣ್ಣಾ. ಗಂಧಕ ಬೆರೆಸಿದ ಮಣ್ಣಿನಂಥ ವಾಸನೆ. ಪೆಟ್ಟಿಗೆ ಶುರುವಾದ ಕೂಡಲೇ ಮೂಗಿಗೆ ಬಡಿಯುತ್ತಿತ್ತು. ನನಗೆ ಅದು ಬೇಡವಾಗಿರಲಿಲ್ಲ. ನೀನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಜೆ ಬಂದು ಗೂಟಕ್ಕೆ ಅಂಗಿ ಸಿಗಿಸುತ್ತಿದ್ದೆಯಲ್ಲ, ಆ ಅಂಗಿಯ ವಾಸನೆ ಅದು. ದೀಪ ಆರಿಸಿದ ಮೇಲೆ ಕಣ್ಣು ಮುಚ್ಚಿ ಅದನ್ನು ಎಳೆದುಕೊಂಡರೆ ನಾನಿನ್ನೂ ನಿಮ್ಮ ಪಡಸಾಲೆಯಲ್ಲೇ ಮಲಗಿದ್ದೇನೆ ಅನಿಸುತ್ತಿತ್ತು. ಮಗಳನ್ನು ಎದೆಗವಚಿಕೊಂಡು, ‘ನೋಡು, ನಿನ್ನ ಮಾವನ ಮನಿ ವಾಸನಿ’ ಎಂದು ಅವಳಿಗೂ ಹೇಳಿದ್ದೇನೆ.

ಪೆಟ್ಟಿಗೆಯ ಜಾಳಿಗೆಯಲ್ಲಿ ಧೂಳು ಕಟ್ಟಿದರೆ ಕರೆಂಟು ಹೆಚ್ಚು ತಿನ್ನುತ್ತದೆ ಎಂದು ಪತ್ರಿಕೆಯೊಂದರಲ್ಲಿ ಓದಿ, ನಿನ್ನೆ ಮಧ್ಯಾಹ್ನ ಮುಂದಿನ ಮುಚ್ಚಳ ತೆಗೆದೆ. ಜಾಳಿಗೆಯ ಮೇಲೆ ಕಂಬಳಿಯಂತೆ ಧೂಳು. ಬಚ್ಚಲಿಗೆ ಒಯ್ದು ನೀರು ಹಾಕಿದರೆ ಕಲ್ಲಿನ ಮೇಲೆಲ್ಲ ಕೆಂಪು ನೀರು ಹರಿಯಿತು. ನಾನು ಬೆಚ್ಚಿ ಅತ್ತೆಯನ್ನು ಕರೆದೆ. ಅವರು ಇಣುಕಿ ನೋಡಿ, “ಬ್ಯಾಡಗ್ಯಾಗ ಧೂಳು ಕೆಂಪಗ ಇರದ ಹಸರಗ ಇರತೈತೇನ? ಮೆಣಸಿನಕಾಯಿಪುಡಿ ಅದು. ಕೈ ತೊಳಕೊಂಡು ಕೂಸಿನ್ನ ಮುಟ್ಟು” ಎಂದು ನಕ್ಕು ಹೋದರು. ಹೌದಲ್ಲ ಎಂದು ನಾನೂ ನಕ್ಕೆ. ಈ ಊರಲ್ಲಿ ಒಣಹಾಕಿದ ಸೀರೆ ಕೆಂಪು, ಗುಬ್ಬಿಯ ರೆಕ್ಕೆ ಕೆಂಪು, ಬೈಕಿನ ಸೀಟು ಕೆಂಪು. ಕೆಂಪೆಂದರೆ ಇಲ್ಲಿ ಯಾರೂ ಎರಡನೆಯ ಸಲ ನೋಡುವುದಿಲ್ಲ.

ಅಷ್ಟರಲ್ಲಿ ಮಗಳು ತೊಟ್ಟಿಲಲ್ಲಿ ಅತ್ತಳು. ಓಡಿಹೋಗಿ ಅದೇ ಕೈಯಲ್ಲಿ ಅವಳ ಕಣ್ಣು ಮೂಗು ಒರೆಸಿಬಿಟ್ಟೆ. ಒರೆಸಿದ ಮೇಲೆ ನೆನಪಾಗಿ ಜೀವ ಹಾರಿತು. ಈಗ ಚೀರುತ್ತಾಳೆ, ಈಗ ಚೀರುತ್ತಾಳೆ ಎಂದು ಕಾದೆ. ಚೀರಲಿಲ್ಲ. ಪುಣ್ಯಕ್ಕೆ ಉರಿಯಲಿಲ್ಲ ಎಂದುಕೊಂಡೆ.

ಇವತ್ತು ಕತ್ತಲಲ್ಲಿ ಅವಳ ಉಸಿರು ಕೇಳುತ್ತ ಕೂತಾಗ ಹೊಳೆಯಿತು: ಯಾಕೆ ಉರಿಯಲಿಲ್ಲ?

ಬ್ಯಾಟರಿ ಹಿಡಿದು ಪೆಟ್ಟಿಗೆಯ ಹತ್ತಿರ ಹೋದೆ. ಒಳಗೆ, ನನ್ನ ಬಟ್ಟೆ ಮುಟ್ಟದ ಮೂಲೆಯಲ್ಲಿ, ಅದೇ ಕೆಂಪು ಕೂತಿತ್ತು. ಬೆರಳಿಗೆ ಹಚ್ಚಿಕೊಂಡು ನಾಲಗೆಯ ತುದಿಗೆ ಇಟ್ಟೆ. ಖಾರವೇ ಇಲ್ಲ. ಕಹಿ, ಬರೀ ಕಹಿ, ಹಿಂದೆಯೇ ಆ ಅಂಗಿಯ ವಾಸನೆ.

ನೀನು ಜೇಬಿನಲ್ಲಿ ಗುಲಾಬಿ ಬಣ್ಣದ ಗೋವಿನಜೋಳದ ಬೀಜ ತಂದದ್ದು ನೆನಪಿದೆಯಾ? ಸರ ಮಾಡುತ್ತೇನೆಂದು ನಾನು ಸೂಜಿ ಪೋಣಿಸಿದರೆ ಅವ್ವ ಕೈಮೇಲೆ ಹೊಡೆದು ಚೆಲ್ಲಿದಳು. “ಬಣ್ಣ ಅಲ್ಲ ಖೋಡಿ, ಅದು ವಿಷ. ಹುಳ ಹತ್ತಬಾರ್ದು ಅಂತ ಹಚ್ಚಿರತಾರ” ಎಂದಳು. ಅಂಗಳದಲ್ಲಿ ಬಿದ್ದದ್ದನ್ನು ಹೇಂಟೆಯೊಂದು ಹೆಕ್ಕಿತು. ಬೆಳಿಗ್ಗೆ ಅದು ಗೋಡೆಯ ಮಗ್ಗುಲಿಗೆ ಅಡ್ಡಬಿದ್ದಿತ್ತು. ನೀನೇ ಹಿತ್ತಲಲ್ಲಿ ಹೂಳಿದೆ.

ಕಿಟಕಿ ತೆರೆದೆ. ಮಾರ್ಕೆಟ್ಟಿನ ಘಾಟು ಒಳಗೆ ನುಗ್ಗಿತು, ಮಗಳು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡಳು. ಮತ್ತೆ ಮುಚ್ಚಿದೆ. ಯಾವ ಗಾಳಿಯನ್ನು ಅವಳಿಗೆ ಕೊಡಲಿ ಹೇಳು? ಕೊನೆಗೆ ಹಿತ್ತಲ ಕಡೆಯ ಬಚ್ಚಲಮನೆಗೆ ಎತ್ತಿಕೊಂಡು ಹೋಗಿ ಬಾಗಿಲಿಗೆ ಒದ್ದೆ ಸೀರೆ ಕಟ್ಟಿದೆ. ಹಾಸಿಗೆ ತರಲು ಕೋಣೆಗೆ ತಿರುಗಿ ಬಂದಾಗ ಕರೆಂಟು ಬಂತು. ಯಾರೂ ಮುಟ್ಟದೆ ಪೆಟ್ಟಿಗೆ ತಾನೇ ಶುರುವಾಗಿ ನನ್ನ ಕುತ್ತಿಗೆಯ ಮೇಲೆ ತಣ್ಣಗೆ ಉಸಿರು ಬಿಟ್ಟಿತು. ಅದರ ಪ್ಲಗ್ಗು ಕಿತ್ತು ಹಾಕಿದೆ. ಆದರೂ ಅದು ಗೋಡೆಯಲ್ಲಿ ಗುಂಯ್‌ಗುಡುತ್ತಲೇ ಇರುವಂತೆ ಕೇಳುತ್ತಿದೆ.

ಮಗಳು ಈಗ ಅತ್ತೆಯ ತೊಡೆಯ ಮೇಲಿದ್ದಾಳೆ. “ಏನಾತವಾ?” ಎಂದು ಕೇಳಿದರು. “ಸೆಕಿಗೆ ಎದ್ದಾಳ್ರಿ” ಎಂದೆ. ತವರಿನಿಂದ ಬಂದದ್ದರಲ್ಲಿ ವಿಷ ಇತ್ತು ಎಂದು ಹೇಳಲು ಬಾಯಿ ಬರಲಿಲ್ಲ. ಈಗಲೇ ಡಾಕ್ಟರ ಹತ್ತಿರ ಒಯ್ಯುತ್ತೇನೆ ಎಂದದ್ದಕ್ಕೆ, “ಕತ್ತಲಾಗ ಕೂಸು ತಗೊಂಡು ಎಲ್ಲಿ ಹೊಂಡತಿ? ನಸಿಕಿನ ಬಸ್ಸಿಗೆ ಹಾವೇರಿಗೆ ಹೋಗೂಣು” ಎಂದಿದ್ದಾರೆ. ಡಾಕ್ಟರು ಮೊದಲು ಕೇಳುವುದು, ಯಾವ ಔಷಧ ಎಂದು. ನಿಮ್ಮ ಬೀಜಕ್ಕೆ ಹಚ್ಚುವ ಆ ಕೆಂಪು ಪುಡಿಯ ಹೆಸರೇನು ಅಣ್ಣಾ? ಸ್ಟೋರಿನ ಕೀಲಿ ನಿನ್ನ ಹತ್ತಿರವೇ ಇರುತ್ತದೆ. ಡಬ್ಬಿಯ ಮೇಲೆ ಬರೆದದ್ದನ್ನು ಒಂದಕ್ಷರ ಬಿಡದೆ ಓದಿ ಹೇಳು.

ನಾನೇ ಫೋನು ಮಾಡುತ್ತಿದ್ದೆ. ಆದರೆ ಯಜಮಾನರು ವ್ಯಾಪಾರಕ್ಕೆ ಕೊಲ್ಹಾಪುರಕ್ಕೆ ಹೋಗಿದ್ದಾರೆ, ಫೋನಿನ ಡಯಲ್ಲಿಗೆ ಹಾಕಿದ ಬೀಗದ ಕೈ ಅವರ ಉಡದಾರದಲ್ಲೇ ಹೋಗಿದೆ. ಎಸ್.ಟಿ.ಡಿ. ಅಂಗಡಿ ಮುಚ್ಚಿದೆ. ನಮ್ಮ ಫೋನಿನಿಂದ ಕರೆ ಹೋಗುವುದಿಲ್ಲ, ಹೊರಗಿನಿಂದ ಬಂದರೆ ಬಾರಿಸುತ್ತದೆ. ನಮ್ಮ ಅಂಗಡಿಯ ಲಾರಿ ಈಗ ರಾಣೆಬೆನ್ನೂರಿಗೆ ಹೊರಟಿದೆ. ನಾನೇ ಅದರಲ್ಲಿ ಬರುತ್ತಿದ್ದೆ; ತುಂಬಿದ ಮೆಣಸಿನಕಾಯಿಯ ಘಾಟಿನಲ್ಲಿ ಕೂಸು ಉಳಿಯುವುದಿಲ್ಲ. ಡ್ರೈವರ್ ಮೌಲಾಸಾಬ ಕಟ್ಟೆಯ ಕೆಳಗೆ ನಿಂತು, “ಲಗೂ ಬರಿ ತಂಗಿ, ನಿಮ್ಮಣ್ಣನ್ನ ಎಬ್ಬಿಸಿ ಕೈಯಾಗ ಕೊಟ್ಟ ಮುಂದ ಹೋಗತೇನಿ” ಎನ್ನುತ್ತಿದ್ದಾರೆ.

ವೈನಿಗೆ ನಮಸ್ಕಾರ. ನಿನ್ನ ಮಗ ಕೊಟ್ರೇಶನಿಗೆ ಈ ಅತ್ತೆಯ ಆಶೀರ್ವಾದ. ನೂರು ವರ್ಷ ಬಾಳಲಿ.

ನಿನ್ನ ತಂಗಿ,
ಜಯವ್ವ

ತಾ.ಕ.: ಮೇಲೆ ಬರೆಯಲು ಧೈರ್ಯವಾಗದೆ ಇಲ್ಲಿ ಬರೆಯುತ್ತಿದ್ದೇನೆ. ಹರಾಜಿನಲ್ಲಿ ನೀನು ಎರಡು ಹಿಡಿದಿದ್ದೆ. ಒಂದನ್ನು ಕೊಟ್ರೇಶ ಮಲಗುವ ಕೋಣೆಗೆ ಹಾಕಿಸಿದ್ದೆ. ನಾನು ಯುಗಾದಿಗೆ ಬಂದಾಗ ಅಲ್ಲಿ ಪೆಟ್ಟಿಗೆ ಇರಲಿಲ್ಲ, ತೂತಿಗೆ ಹಲಗೆ ಬಡಿದಿದ್ದಿರಿ. ಕೇಳಿದ್ದಕ್ಕೆ ವೈನಿ ಒಲೆಯ ಕಡೆ ತಿರುಗಿ, “ಬಿಲ್ಲು ಭಾಳ ಬರಾಕತ್ತಿತ್ತವಾ, ಕಿತ್ತಿಸಿಬಿಟ್ವಿ” ಎಂದರು. ಎಂಥ ದಡ್ಡರು ಎಂದುಕೊಂಡು ನಾನು ಬಿಲ್ಲು ಇಳಿಸುವ ಉಪಾಯವನ್ನೆಲ್ಲ ಹೇಳಿಕೊಟ್ಟೆ, ಸಂದಿ ಮುಚ್ಚುವುದನ್ನೂ. ನೀನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಒಂದು ಮಾತೂ ಆಡಲಿಲ್ಲ.

ನಿಮ್ಮದು ಕಂಪನಿಯ ಮನೆ ಅಣ್ಣಾ. ನಿಮಗೆ ಕರೆಂಟು ಪುಕ್ಕಟೆ. ನಿಮಗೆ ಬಿಲ್ಲೇ ಬರುವುದಿಲ್ಲ.

ನಾನು ಬೈಯುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಯಾವತ್ತೂ ಕೇಳುವುದಿಲ್ಲ. ಔಷಧದ ಹೆಸರು ಹೇಳು, ಸಾಕು. ಫೋನಿನ ಹತ್ತಿರವೇ ಕೂತಿರುತ್ತೇನೆ. ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಫೋನು ಮಾಡು.