ಸನ್ನಿ ಹಿಡಿದವರನ್ನು ಮಂಚಕ್ಕೆ ಕಟ್ಟುವ ಮುನ್ನ

ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳೇ,

ಮಾನ್ಯರೇ, ನಿಮ್ಮ ಆಡಳಿತದ ಒಂದು ಆಸ್ಪತ್ರೆಯಲ್ಲಿ ನನ್ನ ಗಂಡನನ್ನು ಎರಡು ದಿನ ಮಂಚಕ್ಕೆ ಕಟ್ಟಿಹಾಕಿದ್ದರು, ಹುಚ್ಚು ಹಿಡಿದಿದೆ ಎಂದು. ಅವರಿಗೆ ಉಚ್ಚೆ ಕಟ್ಟಿತ್ತು, ಅಷ್ಟೆ. ಮೂತ್ರ ಎಂದು ಬರೆಯುವಷ್ಟು ಸಮಾಧಾನ ನನಗೀಗ ಇಲ್ಲ, ಕ್ಷಮಿಸಿ. ಆಸ್ಪತ್ರೆಯ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ನೀವು ಒಬ್ಬ ಆಯಾಳನ್ನು ವರ್ಗ ಮಾಡಿ ಕಡತ ಮುಚ್ಚುತ್ತೀರಿ.

ನಾನು ನಿವೃತ್ತ ಶಿಕ್ಷಕಿ. ನಮ್ಮ ಯಜಮಾನರು ಷಡಕ್ಷರಪ್ಪ, ಎಪ್ಪತ್ನಾಲ್ಕು ವರ್ಷ, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಹೋದ ವರ್ಷ, ಎರಡು ಸಾವಿರದ ಮೂರರ ಆಗಸ್ಟ್‌ನಲ್ಲಿ, ಮಂಡಿಯ ಮೆಟ್ಟಿಲ ಮೇಲೆ ಜಾರಿ ತೊಡೆಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಅದಕ್ಕೂ ಮುಂಚೆ ಕನ್ನಡಕ ಮತ್ತು ಕಿವಿಯ ಮಷೀನು ಬಿಚ್ಚಿಸಿ, ಕಳೆದುಹೋದಾವೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಪಕ್ಕದಲ್ಲಿ ಕೂರುತ್ತೇನೆಂದರೆ ನನ್ನನ್ನು ಹೊರಗೆ ಕಳಿಸಿದರು. ನೋವಿಗೆ ನರಳಿದರೆಂದು ನಿದ್ದೆ ಮಾತ್ರೆ ನುಂಗಿಸಿದರು. ಕಣ್ಣು, ಕಿವಿ, ಹೆಂಡತಿ, ಎಚ್ಚರ, ನಾಲ್ಕನ್ನೂ ಕಿತ್ತುಕೊಂಡ ಮೇಲೆ ಮನುಷ್ಯ ನೆಟ್ಟಗಿರಬೇಕೆಂದು ಯಾವ ಸುತ್ತೋಲೆಯಲ್ಲಿದೆ?

ಮೂರನೆಯ ದಿನ ಬೆಳಿಗ್ಗೆ ನಾನು ಒಳಗೆ ಹೋದಾಗ ಅವರು ಡ್ರಿಪ್ಪಿನ ಸೂಜಿ ಕಿತ್ತು ಎದ್ದು ಕೂತಿದ್ದರು. ಹಾಸಿಗೆಯೆಲ್ಲ ರಕ್ತ. "ರೀ, ನಾನು ಕಣ್ರೀ, ರುದ್ರಮ್ಮ" ಎಂದು ಹತ್ತಿರ ಹೋದೆ. ಗ್ಲುಕೋಸ್ ಸ್ಟ್ಯಾಂಡ್ ಎತ್ತಿ ನನ್ನ ಮುಖಕ್ಕೆ ಬೀಸಿದರು. ತುಟಿ ಸೀಳಿತು, ಮುಂದಿನ ಎರಡು ಹಲ್ಲು ನನ್ನ ಅಂಗೈಗೆ ಬಿದ್ದವು. ನಲವತ್ತೈದು ವರ್ಷದಲ್ಲಿ ನನ್ನ ಮೇಲೆ ಕೈ ಎತ್ತಿದವರಲ್ಲ ಅವರು.

ವಾರ್ಡಿನ ಆಳುಗಳು ಮೂವರು ಅವರ ಮೇಲೆ ಬಿದ್ದರು. ಒಬ್ಬ ಎದೆಗೆ ಮಂಡಿ ಊರಿದ. ಇನ್ನೊಬ್ಬ ಕೆನ್ನೆಗೆ ಎರಡು ಬಾರಿಸಿದ. "ಅಜ್ಜಂಗೆ ತಲೆ ಕೆಟ್ಟೈತೆ. ಕಾಲು ಹಿಡ್ಕಳಿ ಅಮ್ಮಾ" ಎಂದ. ನಾನು ಹಿಡಿದುಕೊಂಡೆ. ಬಾಯಿ ತುಂಬ ರಕ್ತ ಇಟ್ಟುಕೊಂಡು, ಹೊಲಿಗೆ ಹಾಕಿದ ಆ ಕಾಲನ್ನೇ ಒತ್ತಿ ಹಿಡಿದುಕೊಂಡೆ. ಅವರು ಚೀರುತ್ತಿದ್ದುದು ಒಂದೇ ಮಾತು: "ಕಳ್ಳರು ನುಗ್ಗವ್ರೆ, ರುದ್ರಿ, ನೀನು ಓಡೋಗು."

ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಮಣಿಕಟ್ಟು ಬಿಗಿದರು. ಕೊಸರಾಡಿದಾಗಲೆಲ್ಲ ಒಂದು ಇಂಜೆಕ್ಷನ್, ಇಂಜೆಕ್ಷನ್ ಇಳಿದಾಗ ಇನ್ನಷ್ಟು ಕೊಸರಾಟ. ಪಕ್ಕದ ಮಂಚದಲ್ಲಿ ಹಳೇಬೀಡಿನ ಗಿಡ್ಡಯ್ಯನವರಿದ್ದರು. ಅವರು ಯಾರಿಗೂ ಹೊಡೆಯಲಿಲ್ಲ. ಎರಡು ದಿನ ಮಂಕಾಗಿ ಮಲಗಿದ್ದರು, ಮಗಳು ಮಹದೇವಮ್ಮನ ಗುರುತೂ ಸಿಗಲಿಲ್ಲ. "ಇವರನ್ನ ನೋಡಿ, ಎಷ್ಟು ತಣ್ಣಗವ್ರೆ" ಎಂದು ನರ್ಸ್ ಹೊಗಳಿದರು. ಎದೆಯಲ್ಲಿ ಕಫ ಕಟ್ಟಿ ಅವರು ತಣ್ಣಗೇ ತೀರಿಕೊಂಡರು.

ಐದನೆಯ ದಿನ ಹೊಸದಾಗಿ ಬಂದ ಡಾಕ್ಟರ್ ಚಿತ್ರಾ ಯಜಮಾನರ ಹೊಟ್ಟೆ ಮುಟ್ಟಿ ನೋಡಿದರು. "ಉಚ್ಚೆ ಮಾಡಿ ಎಷ್ಟು ಹೊತ್ತಾಯ್ತು?" ಬಟ್ಟೆ ಒದ್ದೆಯಿತ್ತು, ಹೋಗುತ್ತಿದೆ ಎಂದು ನರ್ಸ್‌ಗಳು ಅಂದುಕೊಂಡಿದ್ದರು. ತುಂಬಿದ ಉಚ್ಚೆಚೀಲ ಸೋರುತ್ತಿತ್ತು. ನಳಿಕೆ ಹಾಕಿದ ತಕ್ಷಣ ಬಾಟಲಿ ತುಂಬಿತು. ಡಾಕ್ಟರಮ್ಮ ತಾವೇ ಕತ್ತರಿ ಹಿಡಿದು ಕಟ್ಟು ಕತ್ತರಿಸಿದರು.

"ಇದು ಹುಚ್ಚಲ್ಲಮ್ಮ, ಡೆಲಿರಿಯಂ" ಎಂದರು.

"ಸನ್ನಿಯೇ?" ಎಂದೆ.

"ಅದೇ. ವಯಸ್ಸಾದವರಿಗೆ ದಿಢೀರನೆ ಬರುತ್ತೆ, ಗಳಿಗೆಗೊಂದು ಥರ ಇರುತ್ತೆ. ಕೆಲವರು ಹೊಡೀತಾರೆ, ಕೆಲವರು ಸುಮ್ಮನಾಗಿಬಿಡ್ತಾರೆ. ಸೋಂಕು, ನೋವು, ಮಲಬದ್ಧತೆ, ನಿದ್ದೆ ಮಾತ್ರೆ, ಏನೋ ಒಂದು ಕಾರಣ ಇರುತ್ತೆ. ಅದನ್ನ ಹುಡುಕಬೇಕು."

ಇಂಜೆಕ್ಷನ್ ನಿಲ್ಲಿಸಿದರು, ಬೀರು ತೆಗೆಸಿ ಕನ್ನಡಕ, ಕಿವಿಯ ಮಷೀನು ಹಾಕಿಸಿದರು, ನನ್ನನ್ನು ಪಕ್ಕದಲ್ಲಿ ಕೂರಿಸಿದರು. ಮೂರು ದಿನಕ್ಕೆ ಯಜಮಾನರು ಮೊದಲಿನಂತಾದರು, ಬಲಗೈ ಬಿಟ್ಟು. ಮಣಿಕಟ್ಟಿನ ನರ ಸತ್ತಿದೆ, ಪಂಚೆಯನ್ನು ನಾನೇ ಉಡಿಸುತ್ತೇನೆ. "ನಿನ್ನ ಹಲ್ಲೇನಾಯ್ತೇ?" ಎಂದು ಕೇಳಿದ್ದರು. ಬಚ್ಚಲಲ್ಲಿ ಬಿದ್ದೆ ಎಂದಿದ್ದೆ. ಈ ಬಹಿರಂಗ ಪತ್ರ ಪತ್ರಿಕೆಯಲ್ಲಿ ಅಚ್ಚಾದ ದಿನ ನಿಜ ಓದುತ್ತಾರೆ. ಅದಕ್ಕೆ ಹೆದರಿಯೇ ಇಷ್ಟು ತಿಂಗಳು ಬರೆಯಲಿಲ್ಲ.

ಈಗ ನನ್ನ ಬೇಡಿಕೆ. ವಾರ್ಡಿನ ಪ್ರತಿ ವೃದ್ಧರನ್ನೂ ದಿನಾ ಮಾತಾಡಿಸಿ, ನಿನ್ನೆಗಿಂತ ಬೇರೆಯಾಗಿದ್ದಾರೆಯೇ ಎಂದು ಮನೆಯವರನ್ನು ಕೇಳಿ. ಕುಡಿದ ನೀರು, ಹೋದ ಉಚ್ಚೆ ಗಮನಿಸಿ. ಕನ್ನಡಕ, ಕಿವಿಯ ಮಷೀನು ಅವರ ಹತ್ತಿರವೇ ಇರಲಿ. ಆದಷ್ಟು ಬೇಗ ಎಬ್ಬಿಸಿ ಕೂರಿಸಿ, ಮನೆಯವರೊಬ್ಬರನ್ನು ಒಳಗೆ ಬಿಡಿ. ಸುಮ್ಮನೆ ನಿದ್ದೆ ಮಾತ್ರೆ ಕೊಡಬೇಡಿ. ಕಟ್ಟಲೇಬೇಡಿ. ಇದರಲ್ಲಿ ಯಾವುದಕ್ಕೆ ಟೆಂಡರ್ ಕರೆಯಬೇಕು ಹೇಳಿ. ಇಷ್ಟನ್ನು ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ನಿಮ್ಮ ಸಹಿ ಹಾಕಿ ಆದೇಶ ಮಾಡಿ. ಬರುವ ಸೋಮವಾರ ಮಹದೇವಮ್ಮ ಮತ್ತು ನಾನು ನಿಮ್ಮ ಕಚೇರಿಗೆ ಬರುತ್ತೇವೆ. ಹಾಳೆ ಕೊಡಿ, ಪ್ರತಿ ವಾರ್ಡಿನ ಗೋಡೆಗೂ ನಾವೇ ಅಂಟಿಸುತ್ತೇವೆ. ಕೊಡುವವರೆಗೆ ನಿಮ್ಮ ಬಾಗಿಲು ಬಿಟ್ಟು ಕದಲುವುದಿಲ್ಲ.

ಇಂತಿ,
ತಡವಾಗಿ ಬಾಯಿ ಬಿಟ್ಟ,
ರುದ್ರಮ್ಮ
ಅರಸೀಕೆರೆ